ಹಡಗಿನ ಟಿಕೆಟು ಕೊಳ್ಳುವ ಮುನ್ನ

ಪ್ರತಿ ವರ್ಷ ಚಳಿಗಾಲದಲ್ಲಿ ಪಣಂಬೂರಿನ ನವಮಂಗಳೂರು ಬಂದರಿಗೆ ವಿದೇಶದ ವಿಹಾರನೌಕೆಗಳು ಬರುವುದನ್ನು ನಮ್ಮ ವಾಚಕರಲ್ಲಿ ಅನೇಕರು ಪತ್ರಿಕೆಗಳಲ್ಲಿ ಓದಿರುತ್ತಾರೆ; ಕೆಲವರು ಕಣ್ಣಾರೆ ಕಂಡೂ ಇರುತ್ತಾರೆ. ಬೆಳಗ್ಗೆ ಬೆಳ್ಳನೆಯ ಹಡಗು ದಕ್ಕೆಗೆ ಬಂದು ನಿಲ್ಲುತ್ತದೆ. ಇಳಿದವರನ್ನು ಹೊತ್ತ ಬಸ್ಸುಗಳು ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ, ಕುದ್ರೋಳಿಯ ಗೋಕರ್ಣನಾಥೇಶ್ವರ ದೇವಾಲಯಕ್ಕೆ, ಸಂತ ಅಲೋಶಿಯಸ್ ಪ್ರಾರ್ಥನಾಲಯಕ್ಕೆ, ಗೇರುಬೀಜದ ಕಾರ್ಖಾನೆಗೆ ಹೋಗಿ ಬರುತ್ತವೆ. ಸಂಜೆಯಾಗುವಷ್ಟರಲ್ಲಿ ಹಡಗು ಹೊರಟುಹೋಗುತ್ತದೆ. ಮಂಗಳೂರನ್ನು ನೋಡಿಬಂದೆವೆಂದು ಆ ಪ್ರವಾಸಿಗಳು ತಮ್ಮ ಊರಿನಲ್ಲಿ ಹೇಳಿಕೊಳ್ಳುತ್ತಾರೆ. ಅವರು ನೋಡಿದ ಮಂಗಳೂರು ಎಷ್ಟೆಂಬುದು, ಕೂಗಳತೆಯಲ್ಲಿರುವ ಕಾಸರಗೋಡಿನ ನಮಗೆ ಚೆನ್ನಾಗಿ ಗೊತ್ತು.

ಹಡಗು ಹತ್ತಬೇಕೆಂಬ ಆಸೆಯುಳ್ಳ ನಮ್ಮ ಕುಟುಂಬಗಳು ಮೊದಲು ಮನಸ್ಸಿಗೆ ತಂದುಕೊಳ್ಳಬೇಕಾದುದು ಈ ಚಿತ್ರವನ್ನೇ. ಕ್ರೂಸ್ ಎಂದು ಈಗ ಎಲ್ಲರ ಬಾಯಲ್ಲೂ ಇರುವ ವಿಹಾರನೌಕೆಯು ಊರು ತೋರಿಸುವ ವಾಹನವಲ್ಲ. ಅದೊಂದು ಚಲಿಸುವ ವಸತಿಗೃಹ. ನಾವು ಹಣ ಕೊಡುವುದು ಹಡಗಿಗೆ, ಅದರ ಊಟಕ್ಕೆ, ಅದರ ಮನರಂಜನೆಗೆ, ಸುತ್ತಲಿನ ಸಮುದ್ರಕ್ಕೆ. ಬಂದರಿನ ಊರು ಅದಕ್ಕೆ ಸೇರಿದ ನಂಚಿಕೆ ಮಾತ್ರ; ಕೆಲವೊಮ್ಮೆ ಅದೂ ಎಲೆಗೆ ಬೀಳುವುದಿಲ್ಲ. ಇದನ್ನು ಅರಿತು ಹೊರಟವರು ಸಂತೋಷದಿಂದ ಮರಳುತ್ತಾರೆ. ಅರಿಯದೆ ಹೊರಟವರ ಸಾಲಿನಲ್ಲಿ ನಾವೂ ಒಬ್ಬರಾಗಿದ್ದೆವು. ಆ ಅನುಭವವೇ ಈ ಲೇಖನಕ್ಕೆ ಕಾರಣ.

ವಿಹಾರಕ್ಕೆಂದೇ ಹಡಗು

ಸಮುದ್ರ ದಾಟಿದವನು ಪ್ರಾಯಶ್ಚಿತ್ತ ಮಾಡಿಕೊಂಡಲ್ಲದೆ ಪಂಕ್ತಿಯಲ್ಲಿ ಕೂರುವಂತಿಲ್ಲ ಎಂಬ ಕಾಲವೊಂದು ನಮ್ಮಲ್ಲಿತ್ತು. ಮುಂದೆ ಕೆಲಸಕ್ಕೆಂದೋ ವಿದ್ಯೆಗೆಂದೋ ನಮ್ಮವರು ಸಮುದ್ರವನ್ನು ದಾಟಿದರು. ಎಲ್ಲಿಗೂ ಹೋಗಬೇಕಾದ ಅಗತ್ಯವಿಲ್ಲದೆ, ಸುಮ್ಮನೆ ಸುತ್ತಿ ಹೊರಟಲ್ಲಿಗೇ ಬರುವುದಕ್ಕಾಗಿ ಹಡಗು ಹತ್ತುವುದು ತೀರ ಈಚಿನ ಮಾತು.

ಇದರ ಹುಟ್ಟು ವ್ಯಾಪಾರದ ಒಂದು ಉಪಾಯದಲ್ಲಿದೆ. ಅಟ್ಲಾಂಟಿಕ್ ಸಾಗರದಲ್ಲಿ ಯುರೋಪು-ಅಮೆರಿಕಗಳ ನಡುವೆ ಓಡುತ್ತಿದ್ದ ದೊಡ್ಡ ಹಡಗುಗಳಿಗೆ ಚಳಿಗಾಲದಲ್ಲಿ ಪ್ರಯಾಣಿಕರು ಸಿಗುತ್ತಿರಲಿಲ್ಲ. ಹಡಗನ್ನು ಸುಮ್ಮನೆ ಕಟ್ಟಿಹಾಕಿ ನಷ್ಟಪಡುವುದಕ್ಕಿಂತ ಬಿಸಿಲಿರುವ ಕಡೆಗೆ ವಿಹಾರಕ್ಕೆ ಕಳುಹಿಸಬಾರದೇಕೆ ಎಂದು ಜರ್ಮನಿಯ ಹಡಗು ಉದ್ಯಮಿ ಆಲ್ಬರ್ಟ್ ಬ್ಯಾಲಿನ್ ಯೋಚಿಸಿದನು. 1891ರ ಜನವರಿಯಲ್ಲಿ ‘ಆಗಸ್ಟಾ ವಿಕ್ಟೋರಿಯಾ’ ಎಂಬ ಹಡಗು ಭೂಮಧ್ಯ ಸಮುದ್ರಕ್ಕೆ ಹೀಗೆ ಹೊರಟಿತು. ಇಂದು ಅದೇ ಉದ್ಯಮ ಎಲ್ಲಿಗೆ ಬಂದು ಮುಟ್ಟಿದೆ ಎಂಬುದಕ್ಕೆ ‘ಐಕಾನ್ ಆಫ್ ದಿ ಸೀಸ್’ ಎಂಬ ಹಡಗೇ ಸಾಕ್ಷಿ. 2024ರ ಜನವರಿಯಲ್ಲಿ ಅಮೆರಿಕದ ಮಯಾಮಿಯಿಂದ ಮೊದಲ ಯಾನಕ್ಕೆ ಹೊರಟ ಈ ಹಡಗು ಸುಮಾರು 365 ಮೀಟರು ಉದ್ದವಿದ್ದು, 7,000ಕ್ಕೂ ಹೆಚ್ಚು ಪ್ರಯಾಣಿಕರನ್ನು ಹೊರಬಲ್ಲದು. ನಮ್ಮ ಎಷ್ಟೋ ಗ್ರಾಮಗಳಲ್ಲಿ ಅಷ್ಟು ಜನರಿಲ್ಲ.

ನಮ್ಮ ಕರಾವಳಿಯವರು ಹಡಗು ಹತ್ತಲು ಈಗ ಅಷ್ಟು ದೂರ ಹೋಗಬೇಕಾಗಿಲ್ಲ. ಮುಂಬಯಿ, ಗೋವಾ, ಕೊಚ್ಚಿಗಳಿಂದ ಎರಡು ರಾತ್ರಿ, ಮೂರು ರಾತ್ರಿ, ಐದು ರಾತ್ರಿಗಳ ಯಾನಗಳು ಈಚಿನ ವರ್ಷಗಳಲ್ಲಿ ನಡೆದಿವೆ. ಕೊಚ್ಚಿಯಲ್ಲಿ 2021ರಲ್ಲಿ ವಿಹಾರನೌಕೆಗಳಿಗಾಗಿಯೇ ‘ಸಾಗರಿಕ’ ಎಂಬ ನಿಲ್ದಾಣ ಉದ್ಘಾಟನೆಯಾಯಿತು. ಲಕ್ಷದ್ವೀಪದ ಆಡಳಿತವು ಕೊಚ್ಚಿಯಿಂದ ತನ್ನ ಪ್ರಯಾಣಿಕ ಹಡಗಿನಲ್ಲಿಯೇ ‘ಸಮುದ್ರಂ’ ಎಂಬ ಪ್ರವಾಸವನ್ನು ಏರ್ಪಡಿಸುತ್ತ ಬಂದಿದೆ. ಅದರಲ್ಲಿ ಹಗಲು ದ್ವೀಪದಲ್ಲಿ, ರಾತ್ರಿ ಹಡಗಿನಲ್ಲಿ. ಸ್ವಲ್ಪ ಕೈ ಬಿಚ್ಚುವವರು ಸಿಂಗಾಪುರದವರೆಗೆ ವಿಮಾನದಲ್ಲಿ ಹೋಗಿ ಅಲ್ಲಿ ಹಡಗು ಹತ್ತುತ್ತಾರೆ. ಮಕ್ಕಳು ಪರದೇಶದಿಂದ ದುಡ್ಡು ಕಳುಹಿಸಿ, ಅಪ್ಪ-ಅಮ್ಮ ಷಷ್ಟ್ಯಬ್ದಿಗೆ ಹಡಗಿನಲ್ಲಿ ಹೋಗಿಬರಲಿ ಎನ್ನುವುದು ನಮ್ಮ ಮನೆಗಳಲ್ಲಿ ಈಗ ಅಪರೂಪವಲ್ಲ.

ಜಾಹೀರಾತಿನ ಬೆಲೆ, ಮನೆಗೆ ಬಂದಾಗಿನ ಬೆಲೆ

2022ರ ಡಿಸೆಂಬರಿನಲ್ಲಿ ನಾವು ನಾಲ್ವರು ಕೊಚ್ಚಿಯಿಂದ ಲಕ್ಷದ್ವೀಪದ ಕಡೆಗೆ ಹೊರಟೆವು. ನಾವು ದಂಪತಿಗಳು, ನಮ್ಮ ತಾಯಿಯವರು, ಮತ್ತು ನಮ್ಮ ತಂಗಿ. ದೊಡ್ಡ ಅಕ್ಷರಗಳಲ್ಲಿ ಬೆಲೆಯನ್ನು ಅಚ್ಚುಹಾಕಿದ್ದ ಒಂದು ಜಾಹೀರಾತು ಕೈಗೆ ಬಂದಿತ್ತು. ಪ್ರಯಾಣದ ಏಜೆಂಟರೊಬ್ಬರು ದೂರವಾಣಿಯಲ್ಲಿ ಬಹಳ ವಿನಯದಿಂದ ಮಾತನಾಡಿದರು; ನಾವು ಅಂದೇ ಹಣ ಕಟ್ಟಿದೆವು. ಮನೆಗೆ ಮರಳಿ ಲೆಕ್ಕ ಕೂಡಿಸಿದಾಗ, ಜಾಹೀರಾತಿನ ಒಂದೊಂದು ರೂಪಾಯಿಗೆ ನಾವು ತೆತ್ತದ್ದು ಒಂದೂವರೆ ರೂಪಾಯಿಗಿಂತ ಮೇಲಾಗಿತ್ತು. ಇದರಲ್ಲಿ ಮೋಸವೇನೂ ಇರಲಿಲ್ಲ. ಎಲ್ಲವೂ ಕರಾರುಪತ್ರದಲ್ಲಿ ಸಣ್ಣ ಅಕ್ಷರಗಳಲ್ಲಿ ಇದ್ದೇ ಇತ್ತು. ಓದದೆ ಬಿಟ್ಟವರು ನಾವು.

ಆದುದರಿಂದ ಬೆಲೆಯ ಒಳಗುಟ್ಟನ್ನು ಸ್ವಲ್ಪ ಬಿಡಿಸಿ ಹೇಳುವುದು ಉಚಿತ. ಮೊದಲನೆಯದಾಗಿ, ಜಾಹೀರಾತಿನ ದರ ಒಬ್ಬರದು. ಆದರೆ ಒಂದು ಕೋಣೆಯಲ್ಲಿ ಇಬ್ಬರಿದ್ದಾರೆಂದು ಭಾವಿಸಿ ಹೇಳಿದ ದರ. ಒಬ್ಬರೇ ಹೋದರೆ ಅನೇಕ ಕಂಪನಿಗಳು ಇಬ್ಬರ ದರದ ಹತ್ತಿರ ಹತ್ತಿರ ವಸೂಲು ಮಾಡುತ್ತವೆ. ವಿಧವೆಯರು, ಒಂಟಿಯಾಗಿರುವ ನಿವೃತ್ತರು ಇದನ್ನು ಮೊದಲೇ ತಿಳಿಯಬೇಕು. ಅದೇ ಕೋಣೆಗೆ ಮೂರನೆಯವರಾಗಿ, ನಾಲ್ಕನೆಯವರಾಗಿ ಸೇರುವವರಿಗೆ ದರ ಕಡಿಮೆಯಿರುವುದುಂಟು. ಆದರೆ ಅವರು ಮಲಗುವುದು ಗೋಡೆಯಿಂದ ಇಳಿಬಿಡುವ ಮೇಲಿನ ಹಾಸಿಗೆಯಲ್ಲಿ. ಅದಕ್ಕೆ ಏಣಿ ಹತ್ತಬೇಕು.

ಎರಡನೆಯದಾಗಿ, ಬಂದರಿನ ಶುಲ್ಕ ಮತ್ತು ತೆರಿಗೆಗಳನ್ನು ಬಹುಮಟ್ಟಿಗೆ ಪ್ರತ್ಯೇಕವಾಗಿ ಸೇರಿಸುತ್ತಾರೆ. ವಿದೇಶ ಪ್ರವಾಸದ ಪ್ಯಾಕೇಜು ಕೊಂಡರೆ ಮೂಲದಲ್ಲೇ ಸಂಗ್ರಹಿಸುವ ತೆರಿಗೆಯೂ ಸೇರುತ್ತದೆ. ಇದನ್ನು ಮುಂದೆ ಆದಾಯ ತೆರಿಗೆಯ ಲೆಕ್ಕದಲ್ಲಿ ಹೊಂದಿಸಿಕೊಳ್ಳಬಹುದಾದರೂ, ಕೈಯಿಂದ ಮೊದಲು ಹೋಗುವುದು ಹೋಗಿಯೇ ತೀರುತ್ತದೆ.

ಮೂರನೆಯದು ಸೇವಕವರ್ಗದ ಭಕ್ಷೀಸು. ವಿದೇಶದ ದೊಡ್ಡ ಹಡಗುಗಳಲ್ಲಿ ಇದು ಕೊಟ್ಟರೆ ಕೊಡಬಹುದು ಎನ್ನುವಂಥ ಭಕ್ಷೀಸಲ್ಲ. ತಲೆಗೆ ದಿನಕ್ಕೆ ಸುಮಾರು 16ರಿಂದ 20 ಡಾಲರಿನಂತೆ ಬಿಲ್ಲಿಗೆ ತಾನಾಗಿಯೇ ಏರುತ್ತದೆ. ನಾಲ್ವರ ಕುಟುಂಬಕ್ಕೆ ಐದು ರಾತ್ರಿಗೆ ಇದೊಂದೇ 300 ಡಾಲರು ದಾಟುತ್ತದೆ. ಕೊಡಬಾರದೆಂದು ನಾವು ಹೇಳುತ್ತಿಲ್ಲ. ಆ ಹಡಗುಗಳಲ್ಲಿ ತಿಂಗಳುಗಟ್ಟಲೆ ಮನೆ ಬಿಟ್ಟು ದುಡಿಯುವವರಲ್ಲಿ ನಮ್ಮ ಕರಾವಳಿಯ ಮತ್ತು ಗೋವೆಯ ಹುಡುಗರೂ ಬಹಳ ಮಂದಿ ಇದ್ದಾರೆ. ಆದರೆ ಇದೂ ಖರ್ಚೆಂದು ಮೊದಲೇ ಬರೆದಿಟ್ಟುಕೊಳ್ಳಬೇಕು.

ನಾಲ್ಕನೆಯದಾಗಿ, ಊಟ ಉಚಿತ ಎಂದಾಗ ಯಾವ ಊಟ ಎಂದು ಕೇಳಬೇಕು. ಸಾಮಾನ್ಯ ಭೋಜನಶಾಲೆಯ ಊಟ ದರದಲ್ಲಿ ಸೇರಿರುತ್ತದೆ. ವಿಶೇಷ ಭೋಜನಶಾಲೆ, ತಂಪು ಪಾನೀಯ, ಕೆಲವೆಡೆ ಒಳ್ಳೆಯ ಕಾಫಿಗೂ ಬೇರೆ ದುಡ್ಡು. ಹಡಗಿನಲ್ಲಿ ನಗದು ನಡೆಯುವುದಿಲ್ಲ. ಒಂದು ಕಾರ್ಡನ್ನು ಕೊಡುತ್ತಾರೆ; ಅದೇ ಕೋಣೆಯ ಬೀಗದ ಕೈ, ಅದೇ ಹಣದ ಚೀಲ. ಮಕ್ಕಳ ಕೈಯಲ್ಲಿ ಅಂಥ ಕಾರ್ಡು ಇದ್ದರೆ ಕೊನೆಯ ದಿನದ ಬಿಲ್ಲು ಏನಾಗುವುದೆಂದು ಹೇಳಬೇಕಾಗಿಲ್ಲ. ಮಕ್ಕಳ ಕಾರ್ಡಿಗೆ ಖರ್ಚಿನ ಅಧಿಕಾರವಿರಕೂಡದೆಂದು ಹತ್ತಿದ ದಿನವೇ ಕಚೇರಿಯಲ್ಲಿ ಹೇಳಿಬಿಡುವುದು ಜಾಣತನ.

ಸಂಚಾರವಾಣಿಯ ವಿಷಯದಲ್ಲಿಯೂ ಒಂದು ಮಾತು. ದಡ ಮರೆಯಾದ ಮೇಲೆ ಹಡಗಿನದೇ ಆದ ಉಪಗ್ರಹದ ಜಾಲಕ್ಕೆ ಅದು ತಾನಾಗಿ ಅಂಟಿಕೊಳ್ಳಬಹುದು. ಅದರ ದರ ವಿಪರೀತ. ವಿಮಾನದಲ್ಲಿ ಮಾಡುವಂತೆ ಸಂಪರ್ಕವನ್ನು ಮುಚ್ಚಿಡುವುದೇ ಮೇಲು.

ಕೋಣೆಯ ಆಯ್ಕೆ

ಹಡಗಿನ ಕೋಣೆಗಳಲ್ಲಿ ಸ್ಥೂಲವಾಗಿ ಮೂರು ಬಗೆ: ಕಿಟಕಿಯೇ ಇಲ್ಲದ ಒಳಕೋಣೆ, ಗಾಜಿನ ಕಿಟಕಿಯುಳ್ಳ ಹೊರಕೋಣೆ, ಮೊಗಸಾಲೆಯುಳ್ಳ ಕೋಣೆ. ಒಳಕೋಣೆಯ ವಿಸ್ತಾರ ಹೆಚ್ಚಾಗಿ 130ರಿಂದ 180 ಚದರಡಿ; ನಮ್ಮ ಹಳೆಯ ಮನೆಗಳ ದೇವರ ಕೋಣೆಗಿಂತ ಸ್ವಲ್ಪ ದೊಡ್ಡದು. ದೀಪ ಆರಿಸಿದರೆ ಹಗಲು-ರಾತ್ರಿಗಳ ವ್ಯತ್ಯಾಸ ತಿಳಿಯದು. ಮಲಗುವುದಕ್ಕೆ ಮಾತ್ರ ಕೋಣೆ ಬೇಕೆನ್ನುವ ತರುಣರಿಗೆ ಇದು ಸಾಕು. ಮಂಡಿನೋವಿನಿಂದ ಹೆಚ್ಚು ಹೊತ್ತು ಕೋಣೆಯಲ್ಲೇ ಇರಬೇಕಾದ ಹಿರಿಯರಿಗೆ ಕಿಟಕಿಯಿರುವ ಕೋಣೆಗೆ ಕೊಡುವ ಹೆಚ್ಚಿನ ಹಣ ವ್ಯರ್ಥವಲ್ಲ. ಆದರೆ ಕಿಟಕಿಯ ಎದುರು ಜೀವರಕ್ಷಕ ದೋಣಿಯೊಂದು ತೂಗಾಡುತ್ತಿದ್ದರೆ ಕಡಲಿನ ಬದಲು ದೋಣಿಯ ಹೊಟ್ಟೆಯನ್ನು ನೋಡುತ್ತ ಕೂರಬೇಕಾಗುತ್ತದೆ. ನೋಟಕ್ಕೆ ಅಡ್ಡಿಯುಂಟೇ ಎಂದು ಕೇಳಿಯೇ ಒಪ್ಪಬೇಕು.

ಕೋಣೆ ಎಲ್ಲಿದೆ ಎಂಬುದು ಹೇಗಿದೆ ಎಂಬುದರಷ್ಟೇ ಮುಖ್ಯ. ತೊಟ್ಟಿಲನ್ನು ನೆನೆಯಿರಿ: ಅಂಚುಗಳು ಹೆಚ್ಚು ಆಡುತ್ತವೆ, ನಡು ಕಡಿಮೆ. ಹಡಗೂ ಹಾಗೆಯೇ. ಉದ್ದದಲ್ಲಿ ನಡುವೆ, ಎತ್ತರದಲ್ಲಿ ಕೆಳಗೆ ಇರುವ ಕೋಣೆಗಳಲ್ಲಿ ಓಲಾಟ ಕಡಿಮೆ. ಮೇಲಿನ ಅಂತಸ್ತಿನ, ಮೂತಿಯ ಬಳಿಯ ಕೋಣೆಗಳು ಚೆಲುವಾಗಿದ್ದರೂ ಹೆಚ್ಚು ಆಡುತ್ತವೆ. ಕೋಣೆಯ ಆಯ್ಕೆಯನ್ನು ಕಂಪನಿಗೇ ಬಿಟ್ಟರೆ ದರದಲ್ಲಿ ರಿಯಾಯಿತಿ ಉಂಟು. ತಲೆಸುತ್ತು ಬರುವ ಜಾಯಮಾನದವರು ಆ ರಿಯಾಯಿತಿಗೆ ಆಸೆಪಡಬಾರದು.

ಋತುವನ್ನು ಮರೆಯಬಾರದು

ಅರಬ್ಬೀ ಸಮುದ್ರದ ಸ್ವಭಾವವನ್ನು ಕರಾವಳಿಯವರಿಗೆ ಹೇಳಿಕೊಡಬೇಕಾಗಿಲ್ಲ. ಹಿಂದೆ ಮುಂಬಯಿಯಿಂದ ಕೊಂಕಣ ತೀರದಲ್ಲಿ ಓಡುತ್ತಿದ್ದ ಉಗಿಹಡಗುಗಳೂ ಮಳೆಗಾಲದಲ್ಲಿ ನಿಲ್ಲುತ್ತಿದ್ದವು. ಇಂದಿಗೂ ಪಶ್ಚಿಮ ತೀರದ ವಿಹಾರಯಾನಗಳಿಗೆ ಹದವಾದ ಕಾಲ ಅಕ್ಟೋಬರದಿಂದ ಏಪ್ರಿಲಿನವರೆಗೆ. ಮೇ ತಿಂಗಳ ಕೊನೆಗೆ ದರ ಇಳಿದಿದೆಯೆಂದು ಹಿಗ್ಗುವವರು ಏಕೆ ಇಳಿದಿದೆಯೆಂದು ಒಮ್ಮೆ ಆಕಾಶವನ್ನು ನೋಡಿ ಕೇಳಿಕೊಳ್ಳಬೇಕು.

ಓಲಾಟದಿಂದಾಗುವ ವಾಂತಿಗೆ ಕಾರಣ ಹೊಟ್ಟೆಯಲ್ಲ, ಕಿವಿ. ಒಳಗಿವಿಯು ದೇಹ ಅಲುಗಾಡುತ್ತಿದೆ ಎನ್ನುತ್ತದೆ. ಕೋಣೆಯ ಗೋಡೆಯನ್ನು ನೋಡುತ್ತಿರುವ ಕಣ್ಣು ಇಲ್ಲ ಎನ್ನುತ್ತದೆ. ಈ ಜಗಳದಲ್ಲಿ ಮಿದುಳು ಕಂಗೆಡುತ್ತದೆ. ಆದುದರಿಂದ ತಲೆ ಸುತ್ತಿದಾಗ ಕೋಣೆಯೊಳಗೆ ಮುದುಡಿ ಮಲಗದೆ, ಹೊರಗೆ ಬಂದು ದಿಗಂತವನ್ನು ನೋಡುವುದು ಒಳ್ಳೆಯದು. ಮಾತ್ರೆಗಳು ಪರಿಣಾಮಕಾರಿ, ಆದರೆ ವಾಂತಿ ಬರುವ ಮೊದಲೇ ತೆಗೆದುಕೊಳ್ಳಬೇಕು. ರಕ್ತದೊತ್ತಡ, ಪ್ರೋಸ್ಟೇಟ್, ಕಣ್ಣಿನ ಒತ್ತಡದ ಕಾಯಿಲೆಯವರು ತಮ್ಮ ವೈದ್ಯರನ್ನು ಕೇಳದೆ ಇವನ್ನು ನುಂಗಬಾರದು. ಬಾಯಿಗೊಂದು ಚೂರು ಶುಂಠಿ ಅನೇಕರಿಗೆ ಹಿತಕರ.

ದಡಕ್ಕೆ ಇಳಿಯುವ ಬಗೆ

ಇನ್ನು ನಾವು ಕೇಳದೆ ಬಿಟ್ಟ ಮುಖ್ಯ ಪ್ರಶ್ನೆಗೆ ಬರೋಣ.

1956ರ ನವೆಂಬರ್ 1ರಂದು ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯಿಂದ ಬೇರ್ಪಟ್ಟು ಕೇರಳಕ್ಕೆ ಸೇರಿದುದು ನಮ್ಮವರಿಗೆಲ್ಲ ತಿಳಿದ ಸಂಗತಿ. ಅದೇ ದಿನ ಅದೇ ಜಿಲ್ಲೆಯಿಂದ ಇನ್ನೊಂದು ತುಂಡೂ ಬೇರಾಯಿತೆಂಬುದನ್ನು ಈಗ ನೆನೆಯುವವರು ಕಡಿಮೆ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಎಂಬ ದ್ವೀಪಗಳು ಅಂದಿನವರೆಗೆ ದಕ್ಷಿಣ ಕನ್ನಡಕ್ಕೆ ಸೇರಿದ್ದವು. ಆ ದಿನ ಅವು ಕೇಂದ್ರಾಡಳಿತ ಪ್ರದೇಶಕ್ಕೆ ಸೇರಿದವು. 1973ರಲ್ಲಿ ಆ ಪ್ರದೇಶಕ್ಕೆ ಲಕ್ಷದ್ವೀಪ ಎಂಬ ಹೆಸರು ಬಂತು. ದ್ವೀಪದವರು ಹಾಯಿಯ ಓಡಗಳಲ್ಲಿ ತೆಂಗಿನ ನಾರಿನ ಹುರಿಯನ್ನು ಮಂಗಳೂರಿಗೆ ತಂದು ಅಕ್ಕಿಯನ್ನು ಒಯ್ಯುತ್ತಿದ್ದರು. ನಮ್ಮ ತಾಯಿಯವರು ಎಂಟು-ಒಂಬತ್ತು ವರ್ಷದ ಬಾಲಕಿಯಾಗಿ ಮಂಗಳೂರಿನ ಹಳೆಯ ಬಂದರಿನಲ್ಲಿ ಅಂಥ ಓಡಗಳನ್ನು ಕಂಡವರು. ಆ ಓಡಗಳು ಬರುತ್ತಿದ್ದ ಕಡೆಯ ಮರಳಿನ ಮೇಲೆ ಒಮ್ಮೆ ಕಾಲಿಡಬೇಕೆಂಬುದು ಅವರ ಎಪ್ಪತ್ತೇಳನೆಯ ವಯಸ್ಸಿನ ಆಸೆ. ನಾವು ಹಡಗು ಹತ್ತಿದುದು ಅದಕ್ಕಾಗಿ.

ದೊಡ್ಡ ಹಡಗುಗಳು ಎಲ್ಲ ಕಡೆಯೂ ದಕ್ಕೆಗೆ ತಾಗುವುದಿಲ್ಲ. ಲಕ್ಷದ್ವೀಪದ ಸುತ್ತ ಹವಳದ ದಿಬ್ಬಗಳಿವೆ. ಅವುಗಳ ಒಳಗಿನ ನೀರು ಆಳವಿಲ್ಲ. ಹಡಗು ಹೊರಗೆ ನಿಲ್ಲುತ್ತದೆ. ಅದರ ಪಕ್ಕದ ಬಾಗಿಲನ್ನು ತೆರೆದು, ಅಲೆಯ ಮೇಲೆ ಏರಿಳಿಯುತ್ತಿರುವ ಸಣ್ಣ ದೋಣಿಗೆ ಪ್ರಯಾಣಿಕರನ್ನು ಒಬ್ಬೊಬ್ಬರನ್ನಾಗಿ ಕೈಹಿಡಿದು ದಾಟಿಸುತ್ತಾರೆ. ದೋಣಿ ಮೇಲೆ ಬಂದ ಕ್ಷಣದಲ್ಲಿ ಹೆಜ್ಜೆ ಇಡಬೇಕು. ಇಪ್ಪತ್ತರ ಹರೆಯದವರಿಗೆ ಇದು ಆಟ. ಮಂಡಿ ಬಗ್ಗದವರಿಗೆ ಅಸಾಧ್ಯ. ಗಾಲಿಕುರ್ಚಿಯಂತೂ ದಾಟಲಾರದು. ಅಲೆ ಸ್ವಲ್ಪ ಹೆಚ್ಚಾದರೆ ಕಪ್ತಾನನು ಇಳಿಯುವುದನ್ನೇ ರದ್ದುಮಾಡುತ್ತಾನೆ. ಅದು ಅವನ ಅಧಿಕಾರ, ಅವನ ಕರ್ತವ್ಯ ಕೂಡ.

ನಮಗೆ ಆದದ್ದು ಇಷ್ಟೇ. ದ್ವೀಪದೆದುರು ಹಡಗು ನಿಂತ ಬೆಳಗ್ಗೆ ಗಾಳಿ ಎದ್ದಿತ್ತು. ಎರಡು ಗಂಟೆ ಕಾದ ಮೇಲೆ, ಇಳಿಯುವಂತಿಲ್ಲ ಎಂಬ ಪ್ರಕಟಣೆ ಬಂತು. ತಾಯಿಯವರು ಕಟಕಟೆಯನ್ನು ಹಿಡಿದು ಆ ಹಸಿರು ನೀರನ್ನೂ ಅದರಾಚೆಯ ತೆಂಗಿನ ಗೆರೆಯನ್ನೂ ನೋಡುತ್ತ ನಿಂತಿದ್ದರು. ದೋಣಿ ಇಳಿದಿದ್ದರೂ ಅವರನ್ನು ದಾಟಿಸಲು ಆಗುತ್ತಿರಲಿಲ್ಲವೆಂದು ಅಲ್ಲಿದ್ದ ನಾವಿಕನೊಬ್ಬನು ಮೆಲ್ಲನೆ ನಮಗೆ ಹೇಳಿದನು. ಟಿಕೆಟು ಮಾರಿದವರು ಅವರ ವಯಸ್ಸನ್ನು ಕೇಳಿ ಬರೆದುಕೊಂಡಿದ್ದರು. ಇಳಿಯುವ ಬಗೆಯನ್ನು ಹೇಳಿರಲಿಲ್ಲ. ನಾವೂ ಕೇಳಿರಲಿಲ್ಲ. ಕೊಚ್ಚಿಯಿಂದ ಅಗತ್ತಿ ದ್ವೀಪಕ್ಕೆ ವಿಮಾನವಿದೆ. ಅದರಲ್ಲಿ ಹೋಗಿದ್ದರೆ ಅವರ ಪಾದ ಮರಳನ್ನು ಮುಟ್ಟುತ್ತಿತ್ತು.

ಆದುದರಿಂದ ಪ್ರತಿಯೊಂದು ನಿಲ್ದಾಣದ ಬಗ್ಗೆಯೂ ಎರಡು ಪ್ರಶ್ನೆಗಳನ್ನು ಕೇಳಲೇಬೇಕು: ಹಡಗು ದಕ್ಕೆಗೆ ತಾಗುತ್ತದೆಯೇ, ದೋಣಿಯಲ್ಲಿ ಇಳಿಯಬೇಕೇ? ಇಳಿಯುವುದು ತಪ್ಪಿದರೆ ಏನು ಮರಳಿ ಕೊಡುತ್ತೀರಿ? ಎರಡನೆಯ ಪ್ರಶ್ನೆಗೆ ಉತ್ತರ ಬಹುಪಾಲು ನಿರಾಶಾದಾಯಕ. ಹವೆಯ ಕಾರಣದಿಂದ ಮಾರ್ಗವನ್ನು ಬದಲಿಸುವ, ನಿಲ್ದಾಣವನ್ನು ಬಿಡುವ ಹಕ್ಕನ್ನು ಕರಾರು ಕಂಪನಿಗೆ ಕೊಟ್ಟಿರುತ್ತದೆ. ಆ ನಿಲ್ದಾಣದ ಶುಲ್ಕದಷ್ಟು ಮಾತ್ರ ಮರಳಿ ಬಂದರೆ ಬರಬಹುದು. ಒಂದು ನಿರ್ದಿಷ್ಟ ಊರನ್ನು ನೋಡಲೇಬೇಕೆಂಬ ಹಂಬಲವಿದ್ದವರಿಗೆ ವಿಹಾರನೌಕೆ ತಕ್ಕ ದಾರಿಯಲ್ಲ.

ಕಾಗದಪತ್ರಗಳು

ದೇಶದೊಳಗಿನ ಯಾನಕ್ಕೆ ಭಾವಚಿತ್ರವುಳ್ಳ ಸರ್ಕಾರಿ ಗುರುತಿನ ಚೀಟಿ ಬೇಕು. ಲಕ್ಷದ್ವೀಪಕ್ಕಾದರೆ ಪ್ರವೇಶದ ಅನುಮತಿಪತ್ರವೂ ಬೇಕು. ಹಡಗಿನವರು ಅದನ್ನು ಮಾಡಿಸಿಕೊಡುವರೇ, ನಾವೇ ಮಾಡಿಸಬೇಕೇ ಎಂದು ಕೇಳಿಕೊಳ್ಳಬೇಕು. ಇಲ್ಲಿ ನಮ್ಮವರದೇ ಆದ ಒಂದು ತೊಡಕಿದೆ. ಒಂದೇ ವ್ಯಕ್ತಿಯ ಹೆಸರು ಶಾಲೆಯ ದಾಖಲೆಯಲ್ಲಿ ಒಂದು ಬಗೆ, ಪಡಿತರ ಚೀಟಿಯಲ್ಲಿ ಮಲಯಾಳದ ಉಚ್ಚಾರದಂತೆ ಇನ್ನೊಂದು ಬಗೆ, ಆಧಾರಿನಲ್ಲಿ ಮನೆಹೆಸರು ಮುಂದಾಗಿ ಮತ್ತೊಂದು ಬಗೆ ಇರುವುದು ಗಡಿನಾಡಿನಲ್ಲಿ ಸಾಮಾನ್ಯ. ಯಾವ ಚೀಟಿಯನ್ನು ಬಂದರಿನಲ್ಲಿ ತೋರಿಸುವಿರೋ ಅದರಲ್ಲಿರುವಂತೆಯೇ, ಅಕ್ಷರ ತಪ್ಪದೆ, ಟಿಕೆಟಿನಲ್ಲಿ ಹೆಸರು ಬರೆಸತಕ್ಕದ್ದು.

ವಿದೇಶದ ಯಾನಕ್ಕೆ ಪಾಸ್‌ಪೋರ್ಟಿನ ಅವಧಿ ಪ್ರವಾಸ ಮುಗಿದ ಮೇಲೂ ಆರು ತಿಂಗಳು ಇರುವುದು ಕ್ಷೇಮ. ಹಡಗು ಮುಟ್ಟುವ ದೇಶಗಳ ವೀಸಾ ನಿಯಮಗಳನ್ನು, ನಾವು ಇಳಿಯದಿದ್ದರೂ, ತಿಳಿದುಕೊಳ್ಳಬೇಕು. ಸಿಂಗಾಪುರದಿಂದ ಹೊರಟು ಮಲೇಷ್ಯಾ, ಥಾಯ್ಲೆಂಡುಗಳನ್ನು ಸುತ್ತಿ ಸಿಂಗಾಪುರಕ್ಕೇ ಮರಳುವ ಯಾನದಲ್ಲಿ ನಾವು ಸಿಂಗಾಪುರವನ್ನು ಎರಡು ಬಾರಿ ಪ್ರವೇಶಿಸಿದಂತಾಗುತ್ತದೆ. ಒಮ್ಮೆ ಮಾತ್ರ ಪ್ರವೇಶ ಕೊಡುವ ವೀಸಾ ಸಾಲದು. ವೀಸಾ ಇಲ್ಲದವರನ್ನು ಹಡಗು ಹತ್ತಿಸುವುದಿಲ್ಲ. ಕಟ್ಟಿದ ಹಣವೂ ಮರಳುವುದಿಲ್ಲ.

ದೇಹಸ್ಥಿತಿ ಮತ್ತು ವಿಮೆ

ಹಡಗಿನಲ್ಲಿ ವೈದ್ಯರಿರುತ್ತಾರೆ, ಆಸ್ಪತ್ರೆ ಇರುವುದಿಲ್ಲ. ಗಾಯಕ್ಕೆ ಹೊಲಿಗೆ ಹಾಕುವ, ಜ್ವರಕ್ಕೆ ಔಷಧಿ ಕೊಡುವ, ಹೃದಯದ ತೊಂದರೆಯಾದರೆ ದಡ ಸಿಗುವವರೆಗೆ ಕಾಪಾಡುವ ವ್ಯವಸ್ಥೆ ಅದು. ವೈದ್ಯರ ಶುಲ್ಕವೂ ಬಿಲ್ಲಿಗೇ ಸೇರುತ್ತದೆ. ರೋಗಿಯನ್ನು ಹೆಲಿಕಾಪ್ಟರಿನಲ್ಲಿ ಸಾಗಿಸಬೇಕಾಗಿ ಬಂದರೆ ತಗಲುವ ವೆಚ್ಚ ಸಾಮಾನ್ಯ ಕುಟುಂಬವನ್ನು ಮುಳುಗಿಸುವಷ್ಟು. ಆದುದರಿಂದ ಸಮುದ್ರಯಾನಕ್ಕೂ ತುರ್ತು ಸಾಗಣೆಗೂ ಅನ್ವಯಿಸುವ ಪ್ರವಾಸವಿಮೆಯನ್ನು ಟಿಕೆಟಿನ ಜೊತೆಯಲ್ಲೇ ಮಾಡಿಸಬೇಕು. ಮಧುಮೇಹ, ಹೃದ್ರೋಗಗಳನ್ನು ವಿಮೆಯ ಅರ್ಜಿಯಲ್ಲಿ ಮುಚ್ಚಿಡಬಾರದು. ಮುಚ್ಚಿಟ್ಟರೆ, ಬೇಕಾದ ಹೊತ್ತಿಗೆ ವಿಮೆ ಕೈಕೊಡುತ್ತದೆ.

ಗರ್ಭಿಣಿಯರಿಗೆ 24ನೆಯ ವಾರದಿಂದಾಚೆ ಹೆಚ್ಚಿನ ದೊಡ್ಡ ಕಂಪನಿಗಳಲ್ಲಿ ಪ್ರವೇಶವಿಲ್ಲ. ಆರು ತಿಂಗಳು ತುಂಬದ ಶಿಶುಗಳನ್ನೂ ಸಾಮಾನ್ಯವಾಗಿ ಸೇರಿಸುವುದಿಲ್ಲ. ಹಣ ಕಟ್ಟುವ ದಿನದ ಲೆಕ್ಕವಲ್ಲ, ಪ್ರಯಾಣದ ದಿನದ ಲೆಕ್ಕ ಮುಖ್ಯ.

ಸಾವಿರಾರು ಜನ ಒಂದೇ ಸೂರಿನಡಿ ಉಣ್ಣುವಲ್ಲಿ ಅಂಟುರೋಗ ಬೇಗ ಹಬ್ಬುತ್ತದೆ. 2020ರ ಫೆಬ್ರವರಿಯಲ್ಲಿ ಜಪಾನಿನ ಯೊಕೊಹಾಮಾದಲ್ಲಿ ‘ಡೈಮಂಡ್ ಪ್ರಿನ್ಸೆಸ್’ ಹಡಗು 3,711 ಜನರೊಂದಿಗೆ ದಿಗ್ಬಂಧನದಲ್ಲಿ ನಿಂತಾಗ 700ಕ್ಕೂ ಹೆಚ್ಚು ಮಂದಿಗೆ ಕೊರೋನಾ ಸೋಂಕು ತಗಲಿತು. ಹಡಗುಗಳಲ್ಲಿ ಆಗಾಗ ಕಾಣುವ ವಾಂತಿ-ಭೇದಿಯ ನೊರೋ ವೈರಸ್ಸಿಗೆ ಕೈಗೆ ಸವರುವ ದ್ರಾವಣ ಅಷ್ಟಾಗಿ ನಾಟದು, ಸಾಬೂನು-ನೀರೇ ಗತಿ. ಉಣ್ಣುವ ಮುಂಚೆ ಕೈ ತೊಳೆಯಬೇಕೆಂಬ ನಮ್ಮ ಅಜ್ಜಿಯರ ಕಟ್ಟಳೆ ನಡುಗಡಲಿನಲ್ಲೂ ಸರಿಯೇ.

ಊಟದ ವಿಚಾರ

ಶಾಕಾಹಾರಿಗಳು, ಬೆಳ್ಳುಳ್ಳಿ-ಈರುಳ್ಳಿ ವರ್ಜಿಸುವವರು, ಜೈನ ಪದ್ಧತಿಯವರು ಟಿಕೆಟು ಕೊಳ್ಳುವಾಗಲೇ ಬರಹದಲ್ಲಿ ತಿಳಿಸಬೇಕು. ಹಡಗಿನ ಉಗ್ರಾಣವನ್ನು ದಡದಲ್ಲೇ ತುಂಬುತ್ತಾರೆ. ನಡುಗಡಲಿನಲ್ಲಿ ಕೇಳಿದರೆ ಹಣ್ಣು, ಬ್ರೆಡ್ಡೇ ಗತಿ. ಭಾರತದಿಂದ ಹೊರಡುವ ಯಾನಗಳಲ್ಲಿ ಈ ತೊಂದರೆ ಕಡಿಮೆ. ಯುರೋಪು-ಅಮೆರಿಕಗಳ ಹಡಗುಗಳಲ್ಲಿ ಹೆಚ್ಚು. ಮನೆಯಲ್ಲಿ ಮಾಡಿದ ತಿಂಡಿಗಳನ್ನು ಹೆಚ್ಚಿನ ಹಡಗುಗಳಲ್ಲಿ ಒಳಗೆ ಬಿಡುವುದಿಲ್ಲ. ಕಾರ್ಖಾನೆಯಲ್ಲಿ ಮುಚ್ಚಿದ ಪೊಟ್ಟಣಗಳನ್ನು ಬಿಡುತ್ತಾರೆ. ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಪಾತ್ರೆ, ಅನ್ನದ ಕುಕ್ಕರು ಇವುಗಳಿಗೆ ಬೆಂಕಿಯ ಭಯದಿಂದ ನಿಷೇಧವಿದೆ. ಗಂಜಿ ಬೇಯಿಸಿಕೊಳ್ಳುತ್ತೇವೆಂದು ಕುಕ್ಕರು ಹೊತ್ತವರು ಅದನ್ನು ಬಂದರಿನಲ್ಲೇ ಒಪ್ಪಿಸಿ ಹೋಗಬೇಕಾದೀತು.

ಹಡಗಿನ ಗಡಿಯಾರ

ಬಸ್ಸು ಒಂದು ಗಳಿಗೆ ಕಾದೀತು, ಹಡಗು ಕಾಯದು. ಹೊರಡುವ ವೇಳೆಗೆ ಒಂದೆರಡು ಗಂಟೆ ಮೊದಲೇ ಬಂದರಿನ ಬಾಗಿಲನ್ನು ಮುಚ್ಚುತ್ತಾರೆ. ಹಡಗು ಹೊರಡುವ ದಿನವೇ ರೈಲಿನಿಂದಲೋ ವಿಮಾನದಿಂದಲೋ ಇಳಿದು ಓಡುವ ಸಾಹಸ ಬೇಡ. ಹಿಂದಿನ ದಿನವೇ ಆ ಊರನ್ನು ಸೇರಿ ತಂಗಬೇಕು. ದೊಡ್ಡ ಪೆಟ್ಟಿಗೆಗಳನ್ನು ನೌಕರರು ಕೋಣೆಗೆ ತಲಪಿಸುವಾಗ ಸಂಜೆಯಾಗಬಹುದು. ಔಷಧಿ, ಕನ್ನಡಕ, ಕಾಗದಪತ್ರಗಳು ಕೈಚೀಲದಲ್ಲಿರಲಿ.

ನಡುವಿನ ನಿಲ್ದಾಣಗಳಲ್ಲಿ ಇಳಿದವರಿಗೂ ಇದೇ ಮಾತು. 2024ರ ಮಾರ್ಚಿನಲ್ಲಿ ಆಫ್ರಿಕದ ಪಶ್ಚಿಮಕ್ಕಿರುವ ಸಾವೊ ಟೋಮೆ ದ್ವೀಪದಲ್ಲಿ ತಡವಾಗಿ ಬಂದ ಎಂಟು ಮಂದಿಯನ್ನು ಬಿಟ್ಟು ಹಡಗು ಹೊರಟುಹೋಯಿತು. ಅವರಲ್ಲಿ ಹಿರಿಯರೂ ಒಬ್ಬ ಗರ್ಭಿಣಿಯೂ ಇದ್ದರು. ಮತ್ತೆ ಹಡಗನ್ನು ಹಿಡಿಯಲು ಅವರು ದೇಶದಿಂದ ದೇಶಕ್ಕೆ ಅಲೆಯಬೇಕಾಯಿತು. ಹಡಗಿನವರೇ ಏರ್ಪಡಿಸುವ ಸುತ್ತಾಟದಲ್ಲಿ ತಡವಾದರೆ ಹಡಗು ಸಾಮಾನ್ಯವಾಗಿ ಕಾಯುತ್ತದೆ. ನಾವೇ ಟ್ಯಾಕ್ಸಿ ಹಿಡಿದು ಹೋದರೆ ಜವಾಬ್ದಾರಿ ನಮ್ಮದು. ಕೈಗಡಿಯಾರವನ್ನು ಹಡಗಿನ ಗಡಿಯಾರಕ್ಕೆ ಹೊಂದಿಸಿಕೊಂಡು ಇಳಿಯತಕ್ಕದ್ದು; ಊರಿನ ವೇಳೆ ಬೇರೆಯಿರಬಹುದು.

ಹತ್ತಿದೊಡನೆ ನಡೆಯುವ ರಕ್ಷಣಾ ಕವಾಯತನ್ನು ಬೇಸರವೆಂದು ತಪ್ಪಿಸಬಾರದು. ಇಟಲಿಯ ತೀರದಲ್ಲಿ 2012ರ ಜನವರಿಯಲ್ಲಿ ‘ಕೋಸ್ಟಾ ಕಾಂಕಾರ್ಡಿಯಾ’ ಬಂಡೆಗೆ ಬಡಿದು ಮಗುಚಿದಾಗ 32 ಜನ ಸತ್ತರು. ಅಂದೇ ಹಡಗು ಹತ್ತಿದ್ದ ಅನೇಕರಿಗೆ ಕವಾಯತು ಇನ್ನೂ ಆಗಿರಲಿಲ್ಲ. ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಅದು ನಡೆಯಲೇಬೇಕೆಂದು ಅಂತರರಾಷ್ಟ್ರೀಯ ನಿಯಮ ಬಿಗಿಯಾದುದು ಆ ದುರಂತದ ತರುವಾಯ. ಕೋಣೆಯಿಂದ ದೋಣಿಯ ಬಳಿಗೆ ಮೆಟ್ಟಿಲ ದಾರಿಯನ್ನು ಮನೆಯವರೆಲ್ಲ ಒಮ್ಮೆ ನಡೆದು ನೋಡಬೇಕು; ಅಪಾಯದಲ್ಲಿ ಲಿಫ್ಟು ಓಡುವುದಿಲ್ಲ.

ತಪ್ಪಿದರೆ ಏನು ದಾರಿ?

ಪ್ರಯಾಣವನ್ನು ರದ್ದುಮಾಡಿದರೆ ಮರಳುವ ಹಣ ದಿನ ಹತ್ತಿರವಾದಂತೆ ಕರಗುತ್ತದೆ. ಕೊನೆಯ ದಿನಗಳಲ್ಲಿ ಏನೂ ಉಳಿಯದು. ರದ್ದತಿಯ ಪಟ್ಟಿಯನ್ನು ಹಣ ಕಟ್ಟುವ ಮೊದಲೇ ತರಿಸಿಕೊಂಡು, ಮನೆಯಲ್ಲಿ ಇಂಗ್ಲಿಷ್ ಬಲ್ಲವರಿಂದ ಸಾಲು ಸಾಲಾಗಿ ಓದಿಸಬೇಕು. ಬಾಯಿಮಾತಿನ ಭರವಸೆಗಳನ್ನು ಕಾಗದದಲ್ಲಿ ಕೊಡಿರೆಂದು ಕೇಳಬೇಕು. ಕೊಡಲೊಪ್ಪದ ಭರವಸೆ ಭರವಸೆಯೇ ಅಲ್ಲ.

ಏಜೆಂಟರು ಮುಂಬಯಿಯಲ್ಲೋ ಬೆಂಗಳೂರಿನಲ್ಲೋ ಇದ್ದಾರೆ, ನಾವು ಗಡಿಯ ಮೂಲೆಯಲ್ಲಿದ್ದೇವೆ, ಏನು ಮಾಡಲಾದೀತು ಎಂದು ಕೈಚೆಲ್ಲಬೇಕಾಗಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಗ್ರಾಹಕನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಬಹುದು. ಕಾಸರಗೋಡಿನವರು ಕಾಸರಗೋಡಿನಲ್ಲಿ, ಸೊಲ್ಲಾಪುರದವರು ಸೊಲ್ಲಾಪುರದಲ್ಲಿ. ಎರಡು ವರ್ಷಗಳೊಳಗೆ ಕೊಡಬೇಕು. 1915 ಎಂಬ ದೂರವಾಣಿ ಸಂಖ್ಯೆಯಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಲಹೆ ದೊರೆಯುತ್ತದೆ. ಆದರೆ ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದಕ್ಕಿಂತ ಮೊದಲೇ ಎಚ್ಚರವಾಗಿರುವುದು ಲೇಸು.

ಇಷ್ಟೆಲ್ಲ ಹೇಳಿದುದು ಹಡಗು ಹತ್ತಬೇಡಿರೆಂದಲ್ಲ. ಸುತ್ತ ನೀರಲ್ಲದೆ ಬೇರೇನೂ ಇಲ್ಲದ ಕಡೆ ಸೂರ್ಯನು ಏಳುವುದನ್ನು ನೋಡುವುದು, ಅಡುಗೆಮನೆಯ ಯೋಚನೆಯಿಲ್ಲದೆ ಮನೆಯ ಹೆಂಗಸರು ಮೂರು ದಿನ ಕುಳಿತು ಮಾತನಾಡುವುದು, ಮೂರು ತಲೆಮಾರು ಒಂದೇ ಮೇಜಿನಲ್ಲಿ ಉಣ್ಣುವುದು ದುಡ್ಡಿಗೆ ಸುಲಭವಾಗಿ ದೊರೆಯುವ ಸುಖಗಳಲ್ಲ. ನಮ್ಮ ಯಾನದಲ್ಲಿಯೂ ಅವು ದೊರೆತವು. ದ್ವೀಪ ತಪ್ಪಿದ ರಾತ್ರಿ ತಾಯಿಯವರು ಹಳೆಯ ಬಂದರಿನ ಕತೆಗಳನ್ನು ಹೇಳುತ್ತ ಬಹಳ ಹೊತ್ತು ಎಚ್ಚರವಾಗಿದ್ದರು. ಮರುವರ್ಷ ವಿಮಾನದಲ್ಲಿ ಅಗತ್ತಿಗೆ ಹೋಗೋಣವೆಂದು ಅಲ್ಲಿಯೇ ನಿಶ್ಚಯಿಸಿದೆವು. ಅವರಿಗೆ ಆ ಮರುವರ್ಷ ಒದಗಲಿಲ್ಲ.

ಹಿರಿಯರನ್ನು ಕರೆದುಕೊಂಡು ಹೋಗಬೇಕೆಂದಿರುವವರು, ಅವರಿಗೆ ಯಾವ ಹಡಗು ಅಗ್ಗ ಎಂದು ಕೇಳುವ ಮೊದಲು, ಅವರು ನೋಡಬಯಸಿದುದು ಏನು, ಅಲ್ಲಿಗೆ ಅವರ ಕಾಲು ಮುಟ್ಟುವುದು ಹೇಗೆ ಎಂದು ಕೇಳಲಿ. ಉತ್ತರ ಬರಹದಲ್ಲಿ ಕೈಗೆ ಬಂದ ಮೇಲೆ ಹಣ ಕಟ್ಟಲಿ.